ಹುಣಸೆ ವರ್ತಕ ಆರಿಸಿದ ರೆಸಾರ್ಟ್

"ಉಸ್ತಾದ್ರೇ, ಮೂರು ರೆಸಾರ್ಟ್ ಇವೆ. ಮೂರರಲ್ಲೂ ಕ್ಯಾಸಿನೋ ಇದೆ, ಮೂರರಲ್ಲೂ ಸ್ಪಾ ಇದೆ. ನಾನು ಯಾವುದಕ್ಕೆ ಹೋಗಲಿ?"

ಇದು ನಾನು ಕೇಳಿದ ಪ್ರಶ್ನೆ. ನಮ್ಮ ಗರಡಿಯಲ್ಲಿ ಇಂಥ ಪ್ರಶ್ನೆಯನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಕೇಳುವ ಯೋಗ್ಯತೆ ಯಾರಿಗಿತ್ತು? ಉಳಿದವರು ಕೇಳುತ್ತಿದ್ದುದು ಮೊಣಕಾಲು ನೋವಿಗೆ ಏನು ಹಚ್ಚಲಿ, ಬಾದಾಮಿ ಎಷ್ಟು ನೆನೆಹಾಕಲಿ ಎಂಬಂಥವು.

ನನ್ನ ಹೆಸರು ಚೆಲುವರಾಜ. ಹದಿನೇಳು ಊರಿನ ಮಟ್ಟಿ ನನ್ನ ಎದೆ ನೋಡಿದೆ, ಬೆನ್ನು ನೋಡಿಲ್ಲ. ಮಟ್ಟಿ ಎಂದರೆ ಕುಸ್ತಿ ಆಡುವ ಕೆಮ್ಮಣ್ಣು. ಅದು ಬೆನ್ನಿಗೆ ಅಂಟಿತೆಂದರೆ ಸೋತ ಹಾಗೆ. ಹಿಂದಿನ ವಾರ ತಾಲ್ಲೂಕು ಕುಸ್ತಿಯಲ್ಲಿ ಗೆದ್ದೆ. ಬೆಳ್ಳಿ ಲೇಪದ ಗದೆ ಕೊಟ್ಟರು. ಇಟ್ಟಿಗೆ ಗೂಡಿನ ಮಾಲೀಕರೊಬ್ಬರು ಮೈಕಿನಲ್ಲೇ ಹೇಳಿದರು, ಪೈಲ್ವಾನರು ಯಾವ ರೆಸಾರ್ಟಿಗೆ ಕೈ ತೋರಿಸುತ್ತಾರೋ ಅಲ್ಲಿ ನಾಲ್ಕು ದಿನ, ಎಲ್ಲ ಖರ್ಚು ತಮ್ಮದು ಎಂದು. ಒಬ್ಬನಿಗೆ ಮಾತ್ರ. ಆ ಮಾತನ್ನೂ ಮೈಕಿನಲ್ಲೇ ಹೇಳಿದರು.

ಪ್ರಶ್ನೆ ಕೇಳುವಾಗ ಗದೆ ನನ್ನ ಎರಡೂ ಕೈಯಲ್ಲಿತ್ತು. ಆ ವಾರವೆಲ್ಲ ಎಲ್ಲಿಗೆ ಹೋದರೂ ಅದನ್ನು ಹಿಡಿದೇ ಹೋಗುತ್ತಿದ್ದೆ. ಗದೆ ಇರುವವನು ಹಿಡಿಯುತ್ತಾನೆ, ಇಲ್ಲದವನು ನೋಡುತ್ತಾನೆ. ಮೊದಲ ಮೂರು ದಿನ ನೋಡಲು ಬಂದವರಿಗೆ ಲೆಕ್ಕವಿಲ್ಲ. ನಾಲ್ಕನೆಯ ದಿನಕ್ಕೆ ಬರುವವರು ನಿಂತರು. ಕಬ್ಬು ಕಡಿಯುವ ಕಾಲ, ಜನಕ್ಕೆ ಪುರಸೊತ್ತಿಲ್ಲ.

ದ್ಯಾವಣ್ಣ ಉಸ್ತಾದರು ತಲೆ ಎತ್ತಲಿಲ್ಲ. ಮಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಒಲೆಯ ಮೇಲೆ ಎಣ್ಣೆ ಬೆಚ್ಚಗೆ ಮಾಡುತ್ತಿದ್ದರು.

ಆ ಎಣ್ಣೆಯ ವಿಷಯ ಹೇಳಬೇಕು. ನಮ್ಮ ಗರಡಿಗೆ ಒಂದು ಪದ್ಧತಿ ಇದೆ. ನಮ್ಮವರು ನಮ್ಮವರ ಮೇಲೆಯೇ ಆಡಿದಾಗ, ಗೆದ್ದವನು ಸೋತವನ ಬೆನ್ನಿಗೆ ಎಣ್ಣೆ ತಿಕ್ಕಬೇಕು. ಏಳು ದಿನದೊಳಗೆ ತಿಕ್ಕಬೇಕು. ತಿಕ್ಕುವಾಗ ಇಬ್ಬರೂ ಮಾತಾಡುವಂತಿಲ್ಲ. ಏಳನೆಯ ಸಂಜೆ ಹೊತ್ತು ಮುಳುಗುವವರೆಗೂ ಬೆನ್ನು ಒಣಗಿಯೇ ಇದ್ದರೆ ಆ ಜೋಡಿ ಮುರಿದ ಹಾಗೆ. ಸೋತವನು ಗೂಟದ ಮೇಲಿರುವ ತನ್ನ ಲಂಗೋಟಿ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಮತ್ತೆ ಈ ಮಟ್ಟಿಗೆ ಇಳಿಯುವುದಿಲ್ಲ.

ತಾಲ್ಲೂಕು ಕುಸ್ತಿಯಲ್ಲಿ ಕೊನೆಗೆ ನನ್ನೆದುರು ಬಂದವನು ನಮ್ಮ ಗರಡಿಯ ಹೊನ್ನೇಶ. ಆರು ವರ್ಷದಿಂದ ನನ್ನ ಜೋಡಿ. ದಿನಾ ಬೆಳಿಗ್ಗೆ ನನ್ನ ಎದುರು ದಂಡ ಹೊಡೆದವನು, ನನ್ನ ಹಿಡಿತಕ್ಕೆ ಕತ್ತು ಕೊಟ್ಟವನು. ನಾನು ಈಗಿನ ನಾನಾಗಿದ್ದು ಅವನ ಮೇಲೆ ಪಟ್ಟು ಹಾಕಿ ಹಾಕಿಯೇ ಎಂದು ಜನ ಹೇಳುತ್ತಾರೆ. ಇರಬಹುದು. ಸಾಣೆಕಲ್ಲಿಗೆ ಯಾರೂ ಗದೆ ಕೊಡುವುದಿಲ್ಲ. ಅವನನ್ನು ಚಿತ್ ಮಾಡಿದ ಕೂಡಲೇ ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಅಷ್ಟು ಎತ್ತರದಿಂದ ಅವನು ನನಗೆ ಕಾಣಲಿಲ್ಲ.

ಮಾರನೆಯ ಸಂಜೆಯಿಂದ ಅವನು ಗರಡಿಗೆ ಬಂದು ಹೊರಗೆ ಬಾವಿಕಟ್ಟೆಯ ಮೇಲೆ ಅಂಗಿ ಬಿಚ್ಚಿ ಕೂರತೊಡಗಿದ. ಉಸ್ತಾದರು ದಿನವೂ ಎಣ್ಣೆ ಕಾಯಿಸಿ ಇಡುತ್ತಿದ್ದರು. ನಾನು ಹೋಗಲಿಲ್ಲ. ಗದೆ ಗೆದ್ದ ಕೈಗೆ ಎಣ್ಣೆ ಮೆತ್ತಿಕೊಳ್ಳಲೇ? ಅವನಾಗಿ ಬಂದು ಒಂದು ಮಾತು ಕೇಳಲಿ ಎಂದುಕೊಂಡೆ. ಅವನು ಕೇಳಲಿಲ್ಲ. ಪ್ರಶ್ನೆ ಕೇಳಿದ ಆ ಸಂಜೆ ಏಳನೆಯದು.

"ಸ್ಪಾ ಅಂದ್ರೆ ಏನ್ಲಾ?" ಎಂದರು ಉಸ್ತಾದರು.

"ಎಣ್ಣೆ ಹಚ್ಚಿ ಮೈ ತಿಕ್ತಾರೆ. ಆಮೇಲೆ ಬಿಸಿ ಹಬೆ. ಆಮೇಲೆ ಸ್ನಾನ."

"ಅದು ಇಲ್ಲೇ ಐತಲ್ಲೋ."

"ಇಲ್ಲಿ ಸೋತೋರ್‍ಗೆ ತಾನೇ ತಿಕ್ಕೋದು ಉಸ್ತಾದ್ರೇ. ಆರು ವರ್ಷದಿಂದ ನಾನೇ ಎಲ್ಲರಿಗೂ ತಿಕ್ಕಿದೀನಿ. ಈ ಗರಡೀಲಿ ಇನ್ನೊಬ್ಬರ ಕೈ ಕಾಣದ ಬೆನ್ನು ಅಂದ್ರೆ ನಂದೊಂದೇ."

ಹೆಮ್ಮೆಯಿಂದಲೇ ಹೇಳಿದೆ. ಈಗಲೂ ಆ ಮಾತು ಸುಳ್ಳಲ್ಲ.

ಉಸ್ತಾದರು ಎಣ್ಣೆಗೆ ಬೆರಳು ಅದ್ದಿ ನೋಡಿದರು. ಬಟ್ಟಲನ್ನು ಒಲೆಯಿಂದ ಇಳಿಸಿ ನನಗೂ ತಮಗೂ ನಡುವೆ ಇಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹುಣಸೆಹಣ್ಣಿನ ವ್ಯಾಪಾರ. ಅವನು ಮೂಟೆಯ ಮೇಲಿನ ಹಣ್ಣನ್ನು ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಚೂರು ಕಿತ್ತು, ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಹಣ್ಣು ಯಾವ ಸೀಮೆಯದು, ಹೊಸದೋ ಹಳೆಯದೋ, ಮಾರಲು ಬಂದವನಿಗೆ ಎಷ್ಟು ಅವಸರವಿದೆ, ಎಲ್ಲವೂ ಆ ಒಂದು ಚೂರಿನಲ್ಲಿ ಅವನಿಗೆ ತಿಳಿಯುತ್ತಿತ್ತು. ಅವನೆದುರು ವ್ಯಾಪಾರಕ್ಕೆ ಕೂತವರು ಸೋತು ಏಳುತ್ತಿದ್ದರು. ಅವನು ಮೋಸ ಮಾಡುತ್ತಿರಲಿಲ್ಲ. ಅವನಿಗೆ ಗೆಲ್ಲುವುದು ಬರುತ್ತಿತ್ತು, ಅಷ್ಟೇ.

ಸಂತೆಯ ಪಕ್ಕದಲ್ಲಿ ಒಂದು ಟೀ ಅಂಗಡಿ. ಅಲ್ಲಿ ಒಂದು ಉದ್ದನೆಯ ಬೆಂಚು. ಅವನು ಬಂದು ಒಂದು ತುದಿಗೆ ಕೂತರೆ ಉಳಿದವರು ಎದ್ದು, ಲೋಟ ಹಿಡಿದು ನಿಂತು ಕುಡಿಯುತ್ತಿದ್ದರು. ಅವರಿಗೆ ಅವನ ಮೇಲೆ ಕೋಪವಿರಲಿಲ್ಲ. ನಮಸ್ಕಾರ ಯಜಮಾನ್ರೇ ಎನ್ನುತ್ತಿದ್ದರು. ಮಳೆ ಬೆಳೆ ವಿಚಾರಿಸುತ್ತಿದ್ದರು. ಕೂರುತ್ತಿರಲಿಲ್ಲ.

ಮನೆಯಲ್ಲಿ ಅವನೊಬ್ಬನೇ. ಒಂದು ದಿನ ಬೆನ್ನು ಹಿಡಿದುಕೊಂಡಿತು. ಬಗ್ಗಲು ಆಗಲಿಲ್ಲ. ವೈದ್ಯ ಒತ್ತಿ ನೋಡಿ ಹೇಳಿದ, "ಮೂಳೆಗೆ ಏನೂ ಆಗಿಲ್ಲ. ಎಲ್ಲಾದರೂ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಮೈಗೆ ಎಣ್ಣೆ ಬೀಳಲಿ, ಮನಸ್ಸಿಗೆ ಆಟ ಸಿಗಲಿ."

ವರ್ತಕ ಅಂಥ ಜಾಗಗಳನ್ನು ಹುಡುಕಿದ. ಮೂರು ಸಿಕ್ಕವು. ಒಂದು ಕಡಲ ದಂಡೆಯಲ್ಲಿತ್ತು. ಒಂದು ನದಿಯ ಮೇಲೆ ತೇಲುವ ಹಡಗಿನಲ್ಲಿತ್ತು. ಒಂದು ಗುಡ್ಡದ ಮೇಲಿತ್ತು. ಮೂರರಲ್ಲೂ ಆಟದ ಹಾಲ್ ಇತ್ತು. ಮೂರರಲ್ಲೂ ಎಣ್ಣೆಯ ಕೋಣೆ ಇತ್ತು. ಚಿತ್ರಗಳಲ್ಲಿ ಮೂರೂ ಚೆನ್ನಾಗಿದ್ದವು.

ಚಿತ್ರ ಎಂದರೆ ಮೂಟೆಯ ಮೇಲಿನ ಹಣ್ಣು ಎಂದು ವರ್ತಕನಿಗೆ ಗೊತ್ತಿತ್ತು. ಅವನು ಮೂರು ಕಡೆಗೂ ಫೋನು ಮಾಡಿದ. ಊಟ ಕೇಳಲಿಲ್ಲ, ಹಾಸಿಗೆ ಕೇಳಲಿಲ್ಲ. ಮೂರೂ ಕಡೆ ಒಂದೇ ಪ್ರಶ್ನೆ ಕೇಳಿದ.

"ನಾನು ಬಂದರೆ ನನ್ನನ್ನು ಏನೆಂದು ಕರೆಯುತ್ತೀರಿ?"

ಕಡಲ ದಂಡೆಯವರು ರೂಮ್ ನಂಬರಿನಿಂದ ಕರೆಯುತ್ತೇವೆ, ಗೊಂದಲವಾಗುವುದಿಲ್ಲ ಎಂದರು. ಹಡಗಿನವರು ಬಂದವರನ್ನೆಲ್ಲ ಮಹಾರಾಜರೇ ಎಂದೇ ಕರೆಯುತ್ತೇವೆ ಎಂದರು. ಗುಡ್ಡದವರು, "ನಿಮ್ಮ ಹೆಸರು ಹಿಡಿದೇ ಕರೆಯುತ್ತೇವೆ" ಎಂದರು.

ವರ್ತಕ ಗುಡ್ಡದ್ದನ್ನು ಆರಿಸಿದ.

ನಾನು ಇಲ್ಲಿ ಬಾಯಿ ಹಾಕಿದೆ. "ಅದಕ್ಕೆ ದುಡ್ಡು ಕೊಟ್ಟು ಗುಡ್ಡ ಹತ್ತಬೇಕಾ ಉಸ್ತಾದ್ರೇ? ನನ್ ಹೆಸರು ಗೋಡೆಗೋಡೆ ಮೇಲೆ ಐತೆ. ಪೋಸ್ಟರ್ ನೋಡಿ ಬಸ್ ಕಂಡಕ್ಟರೂ ಚೆಲುವಣ್ಣ ಅಂತಾನೆ."

"ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸ್ತಾರೆ ಕಣ್ಲಾ" ಎಂದು ಉಸ್ತಾದರು ಕತೆ ಮುಂದುವರಿಸಿದರು.

ಗುಡ್ಡದ ಬಾಗಿಲಲ್ಲಿ ವರ್ತಕನ ಮುಂಗೈಗೆ ಒಂದು ಪಟ್ಟಿ ಕಟ್ಟಿದರು. ಅದರ ಮೇಲೆ ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಬಂದವರಿಗೆಲ್ಲ ಹಾಗೆಯೇ ಕಟ್ಟುತ್ತಿದ್ದರು. ಪೆಟ್ಟಿಗೆ ಹೊರುವವನು ಮುಂಗೈ ನೋಡಿ ಹೆಸರು ಕರೆದ. ನೀರು ಕೊಡುವವಳು ಮುಂಗೈ ನೋಡಿ ಹೆಸರು ಕರೆದಳು. ವರ್ತಕನಿಗೆ ಕಿವಿ ತುಂಬಿತು. ಅವನನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಆ ದಿನ ಅವನು ಕೆಲಸವಿಲ್ಲದೆ ಎರಡು ಸಲ ಅಂಗಳ ದಾಟಿದ.

ಮರುದಿನ ಎಣ್ಣೆಯ ಕೋಣೆಗೆ ಹೋದ. ಎಣ್ಣೆ ತಾಗದಿರಲಿ ಎಂದು ಪಟ್ಟಿಯನ್ನು ಬಿಚ್ಚಿ ಹೊರಗಿಡಿಸಿದರು. ತಿಕ್ಕುವವನು ಬಂದು ಬರಿ ಮುಂಗೈ ನೋಡಿದ. "ಮಲಗಿ ಸಾರ್" ಎಂದ.

ತಿಕ್ಕುವವನ ಕೈ ಪಳಗಿದ ಕೈ. ಅವನು ತಲೆಯ ಹತ್ತಿರ ಒಂದು ಮರಳಿನ ಗಡಿಯಾರವನ್ನು ತಿರುಗಿಸಿಟ್ಟು ಕೆಲಸ ಶುರು ಮಾಡಿದ. ಕತ್ತು, ಭುಜ, ಬಲಗಡೆಯ ಪಕ್ಕೆ. ವರ್ತಕನ ಕಣ್ಣು ಮುಚ್ಚಿತು. ಕೈ ನಿಧಾನವಾಗಿ ಬೆನ್ನಿನ ನಡುವೆ ಬಂತು, ನೋವಿದ್ದ ಜಾಗಕ್ಕೇ ಬಂತು, ಅಲ್ಲಿ ನಿಂತಿತು. ವರ್ತಕ ಕಾದ. ಕೈ ಎದ್ದುಹೋಯಿತು.

"ಎಡಗಡೆ ಉಳಿಯಿತಲ್ಲಪ್ಪ" ಎಂದ ವರ್ತಕ.

"ಮರಳು ಮುಗೀತು ಸಾರ್."

ಅರ್ಧ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು, ಪಟ್ಟಿಯನ್ನು ಮತ್ತೆ ಕಟ್ಟಿಸಿಕೊಂಡು ವರ್ತಕ ಆಟದ ಹಾಲಿಗೆ ಬಂದ. ಹಗಲಿಗೂ ರಾತ್ರಿಗೂ ಅಲ್ಲಿ ಒಂದೇ ಬೆಳಕು. ನಡುವೆ ಒಂದು ಚಕ್ರ. ಅದರ ಸುತ್ತ ಎತ್ತರದ ಸ್ಟೂಲುಗಳು. ಆಡುವವರು ಬಣ್ಣದ ಬಿಲ್ಲೆಗಳನ್ನು ಅಂಕಿಗಳ ಮೇಲೆ ಇಡುತ್ತಿದ್ದರು. ಚಕ್ರದೊಳಗೆ ಉರುಳುವ ಗುಂಡು ಯಾವ ಅಂಕಿಗೆ ನಿಂತರೆ ಅದಕ್ಕೆ ಗೆಲುವು. ವರ್ತಕ ಒಂದು ಖಾಲಿ ಸ್ಟೂಲಿನ ಮೇಲೆ ಕೂತ. ಪಕ್ಕದಲ್ಲಿ ತೆಳ್ಳಗಿನ ಒಬ್ಬ ಮನುಷ್ಯ. ಅವನೇ ಮಾತಿಗೆ ಬಂದ.

"ಇಲ್ಲೆಲ್ಲಾದ್ರೂ ಗಡಿಯಾರ ಕಾಣ್ತದಾ ಯಜಮಾನ್ರೇ? ನಾಲ್ಕು ಗೋಡೆ ಹುಡುಕಿದೆ. ನಾನು ಗಡಿಯಾರ ರಿಪೇರಿಯವನು. ನನಗೆ ರಜಾ ಕೊಡೋದಕ್ಕೇ ಈ ಹಾಲ್ ಕಟ್ಟಿಸಿದ ಹಾಗಿದೆ."

ವರ್ತಕ ನಗಲಿಲ್ಲ. ಅವನಿಗೆ ಅಭ್ಯಾಸವಿರಲಿಲ್ಲ. ಬಿಲ್ಲೆ ಇಟ್ಟ, ಗೆದ್ದ. ಮತ್ತೆ ಇಟ್ಟ, ಮತ್ತೆ ಗೆದ್ದ. ಅಭಿನಂದನೆ ಎಂದು ಚಕ್ರ ತಿರುಗಿಸುವ ಹೆಂಗಸು ಹೇಳಿದಳು. ಸೋತವರ ಬಿಲ್ಲೆಗಳನ್ನು ಗೋರುವಾಗ ಇದ್ದ ಮುಖವೇ ಆಗಲೂ ಇತ್ತು. ಮೂರನೆಯ ಸಲ ಗೆದ್ದಾಗ ಬಲಗಡೆಯ ಇಬ್ಬರು ಎದ್ದು ಬೇರೆ ಚಕ್ರಕ್ಕೆ ಹೋದರು. ವರ್ತಕ ಆ ಖಾಲಿ ಸ್ಟೂಲುಗಳನ್ನು ನೋಡಿದ. ಟೀ ಅಂಗಡಿಯ ಬೆಂಚು ಗುಡ್ಡ ಹತ್ತಿ ಅವನ ಹಿಂದೆಯೇ ಬಂದಿತ್ತು.

ನಾಲ್ಕನೆಯ ಸಲ ಸೋತ.

ಆಗ ಅವನ ಎಡಭುಜದ ಮೇಲೆ ಒಂದು ಕೈ ಬಂದು ಕೂತಿತು. ಗಡಿಯಾರದವನ ಕೈ. ಒಣಗಿದ ಸಣ್ಣ ಕೈ.

"ಹೋಗ್ಲಿ ಬಿಡಿ" ಎಂದ ಗಡಿಯಾರದವನು. "ಚಕ್ರಕ್ಕೆ ನಿಮ್ಮ ಗುರುತು ಸಿಕ್ಕಿಲ್ಲ ಇನ್ನೂ."

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಆ ಕೈ ಅಲ್ಲಿತ್ತು. ಯಾರೂ ಮರಳು ತಿರುಗಿಸಿರಲಿಲ್ಲ. ವರ್ತಕ ಅಲ್ಲಾಡದೆ ಕೂತ. ಎಣ್ಣೆಯ ಕೋಣೆಯಲ್ಲಿ ಉಳಿದುಹೋಗಿದ್ದ ಎಡಗಡೆಗೆ ಈಗ ಬಿಸಿ ಇಳಿಯುತ್ತಿತ್ತು.

ಮುಂದಿನ ಸಲ ಗೆದ್ದ. ಕೈ ಬರಲಿಲ್ಲ. ಅದರ ಮುಂದಿನ ಸಲ ಸೋತ. ಕೈ ಬಂತು. ವರ್ತಕ ವ್ಯಾಪಾರಿ. ಈ ಅಂಗಡಿಯಲ್ಲಿ ಮಾಲು ಯಾವುದು, ಬೆಲೆ ಯಾವುದು ಎಂದು ಅವನಿಗೆ ತಿಳಿದುಹೋಯಿತು. ಅಂದಿನಿಂದ ಅವನು ಸೋಲಲು ಕೂತ.

"ಬೇಕಂತಲೇ ಸೋತನಾ?" ಎಂದೆ ನಾನು. "ಉಸ್ತಾದ್ರೇ, ಅವನೊಂದು ಗಂಡಸಾ? ನನಗೆ ಕೈಕಾಲು ಕಟ್ಟಿ ಮಟ್ಟಿಗೆ ಇಳಿಸಿದ್ರೂ ಸೋಲೋಕೆ ಬರಲ್ಲ."

"ಗೊತ್ತು ಕಣಪ್ಪ" ಎಂದರು ಉಸ್ತಾದರು. "ಅದೊಂದು ಪಟ್ಟು ನಿನಗೆ ಕಲಿಸೋಕೆ ಆಗ್ಲಿಲ್ಲ ನನ್ನ ಕೈಲಿ. ಅವನಿಗೂ ಯಾರೂ ಕಲಿಸಿರಲಿಲ್ಲ. ಕೇಳು."

ಹೊರಗೆ ಬಾವಿಕಟ್ಟೆಯ ಮೇಲೆ ಹೊನ್ನೇಶ ಕೂತೇ ಇದ್ದ. ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಬಲಭುಜದ ಕೆಳಗೆ ಕಪ್ಪಗೆ ಕಂದಿದ ಒಂದು ಕಲೆ. ನಾನು ಅವನನ್ನು ಎತ್ತಿ ಹಾಕಿದಾಗ ಆದದ್ದು. ಒಳ್ಳೆಯ ಪಟ್ಟು ಅದು. ಹಾಕಿದವನಿಗಷ್ಟೇ ಗೊತ್ತು.

ಸೋಲುವುದು ವರ್ತಕನಿಗೆ ಕಷ್ಟವಾಯಿತು. ಸಿಕ್ಕ ಅಂಕಿಯ ಮೇಲೆ ಇಟ್ಟರೆ ಗೆಲ್ಲುತ್ತಿದ್ದ. ಕಣ್ಣು ಮುಚ್ಚಿ ಇಟ್ಟರೂ ಗೆಲ್ಲುತ್ತಿದ್ದ. ಗೆದ್ದಾಗ ಅವನ ಮುಖ ಸಣ್ಣಗಾಗುತ್ತಿತ್ತು. ನೋಡಿದವರು ಇವನಿಗೆ ಎಂಥ ದುರಾಸೆ, ಇಷ್ಟು ಬಂದರೂ ಸಾಲದು ಎಂದುಕೊಂಡರು. ಕೊನೆಗೆ ಅವನು ಒಂದು ಉಪಾಯ ಕಂಡುಕೊಂಡ. ಎರಡು ದಿನದಿಂದ ಸೋಲುತ್ತಲೇ ಇದ್ದ ಒಬ್ಬ ದಪ್ಪನೆಯ ಮನುಷ್ಯ ಎದುರಿಗಿದ್ದ. ಅವನು ಎಲ್ಲಿ ಇಡುತ್ತಾನೋ ಅಲ್ಲಿ ಇಟ್ಟ. ಅಂದಿನಿಂದ ಸೋಲು ಸಲೀಸಾಯಿತು.

ಪ್ರತಿ ಸೋಲಿಗೂ ಕೈ ಬರುತ್ತಿತ್ತು. ಪ್ರತಿ ಸಲವೂ ಒಂದು ಮಾತು ಬರುತ್ತಿತ್ತು. "ನಿಮ್ಮದು ನಿಧಾನದ ಗಡಿಯಾರ ಯಜಮಾನ್ರೇ, ಹಿಂದೆ ಬಿದ್ರೂ ನಿಲ್ಲಲ್ಲ" ಎಂದ ಒಂದು ಸಲ. "ನಿಮ್ಮ ಜೊತೆ ಸೋಲೋಕೆ ಚೆನ್ನಾಗಿದೆ, ಒಬ್ಬನೇ ಸೋತ್ರೆ ಬೇಜಾರು" ಎಂದ ಇನ್ನೊಂದು ಸಲ. ಆ ಮಾತಿಗೆ ವರ್ತಕ ನಕ್ಕ. ನಗು ಬಂದದ್ದು ಅವನಿಗೇ ಆಶ್ಚರ್ಯ. ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಹುರಿಗಡಲೆ ತಿಂದರು. ಬೆನ್ನುನೋವು ಹೋಗಿತ್ತು.

ನಾಲ್ಕನೆಯ ದಿನ ಕೊನೆಯ ದಿನ.

ಆ ದಿನ ಗಡಿಯಾರದವನು ಬಂದಾಗ ಮಾತು ಕಡಿಮೆ ಇತ್ತು. ಇದ್ದಬದ್ದ ಬಿಲ್ಲೆಗಳನ್ನೆಲ್ಲ ಒಂದೇ ಅಂಕಿಯ ಮೇಲೆ ಇಟ್ಟ. ವರ್ತಕ ಯಾವ ಗಮನವೂ ಇಲ್ಲದೆ ಒಂದು ಮೂಲೆಯ ಅಂಕಿಯ ಮೇಲೆ ತನ್ನದನ್ನು ತಳ್ಳಿದ. ಮೂರು ದಿನದಲ್ಲಿ ಆ ಅಂಕಿ ಒಮ್ಮೆಯೂ ಬಂದಿರಲಿಲ್ಲ. ಚಕ್ರ ತಿರುಗಿತು. ಇನ್ನೂ ನಿಧಾನವಾಗುತ್ತಿರುವಾಗಲೇ, ಗುಂಡು ತನ್ನ ಅಂಕಿ ದಾಟಿ ಮುಂದೆ ಹೋದದ್ದನ್ನು ಗಡಿಯಾರದವನು ನೋಡಿದ. ಓಡುವುದು ಯಾವಾಗ ನಿಲ್ಲುತ್ತದೆ ಎಂದು ಅವನಿಗೆ ಬೇಗ ತಿಳಿಯುತ್ತಿತ್ತು.

"ಮುಗೀತು" ಎಂದ. "ಊರಿಗೆ ಹೋಗೋ ಬಸ್ ಚಾರ್ಜೂ ಅದರಲ್ಲೇ ಇತ್ತು."

ತಲೆ ತಗ್ಗಿಸಿದ. ಬೆನ್ನು ಬಾಗಿತು. ಅಂಗಿಯ ಒಳಗಿನಿಂದ ಬೆನ್ನುಮೂಳೆಯ ಗೆಣ್ಣುಗಳು ಕಂಡವು.

ವರ್ತಕ ಆ ಬೆನ್ನನ್ನು ನೋಡಿದ. ಮೂರು ದಿನ ಅವನು ಆ ಕೈಯನ್ನು ಕಂಡಿದ್ದ, ಬೆನ್ನನ್ನು ಈಗಲೇ ಕಂಡದ್ದು. ತಾನು ಏನು ಮಾಡಬೇಕೆಂದು ಅವನಿಗೆ ಗೊತ್ತಾಯಿತು. ಬಲಗೈ ಎತ್ತಿದ. ಆ ಕೈ ಮೂಟೆಗಳ ಒಳಗೆ ಇಳಿದಿತ್ತು, ತಕ್ಕಡಿ ಹಿಡಿದಿತ್ತು. ಒಬ್ಬರ ಬೆನ್ನಿನ ಮೇಲೆ ಎಂದೂ ಕೂತಿರಲಿಲ್ಲ. ಎಲ್ಲಿ ಇಡಬೇಕು, ಎಷ್ಟು ಭಾರ ಬಿಡಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು, ಯಾವುದೂ ಅದಕ್ಕೆ ತಿಳಿಯಲಿಲ್ಲ. ಕೈ ಗಾಳಿಯಲ್ಲಿ ನಿಂತಿತು. ಇನ್ನೂ ಒಂದು ಗೇಣು ಉಳಿದಿತ್ತು.

ಆಗ ಗಂಟೆ ಹೊಡೆಯಿತು. ಗುಂಡು ಮೂಲೆಯ ಅಂಕಿಗೆ ನಿಂತಿತ್ತು. ವರ್ತಕ ಗೆದ್ದಿದ್ದ. ಆ ಹಾಲಿನಲ್ಲಿ ಆ ತಿಂಗಳು ಅಷ್ಟು ದೊಡ್ಡ ಗೆಲುವು ಯಾರಿಗೂ ಬಂದಿರಲಿಲ್ಲ. ಹೆಂಗಸು ಬಿಲ್ಲೆಗಳ ರಾಶಿಯನ್ನು ಅವನ ಕಡೆಗೆ ನೂಕಿದಳು. ರಾಶಿ ಅಂಚಿಗೆ ಬಂದು ಜಾರತೊಡಗಿತು.

ವರ್ತಕನ ಎರಡೂ ಕೈ ರಾಶಿಯ ಕಡೆಗೆ ಹೋದವು. ಹೋಗಿ ಎಂದು ಅವನು ಹೇಳಲಿಲ್ಲ. ಅವು ಹೋದವು.

ಬಾಚಿ ಎದೆಗೆ ಒತ್ತಿಕೊಂಡು ತಿರುಗಿದಾಗ ಪಕ್ಕದ ಸ್ಟೂಲು ಖಾಲಿ ಇತ್ತು.

ಬಿಲ್ಲೆಗಳನ್ನು ತಬ್ಬಿಕೊಂಡೇ ಬಾಗಿಲಿಗೆ ಓಡಿದ. ದಾರಿಯಲ್ಲಿ ಕೆಲವು ಉದುರಿದವು. ಬಾಗಿಲಿನವನು ಅವನ ಮುಂಗೈ ನೋಡಿ ಹೆಸರು ಹಿಡಿದು ಕರೆದು, ಏನು ಬೇಕೆಂದು ಕೇಳಿದ.

"ಈಗ ಒಬ್ಬರು ಹೋದರಲ್ಲ, ಅವರು ಬೇಕು."

"ತುಂಬಾ ಜನ ಹೋದ್ರು ಸಾರ್. ಹೆಸರು ಹೇಳಿ."

ವರ್ತಕ ನಿಂತ. ಗಡಿಯಾರದವನ ಮುಂಗೈ ಮೇಲೂ ಪಟ್ಟಿ ಇತ್ತು. ಅದರ ಮೇಲೂ ದಪ್ಪ ಅಕ್ಷರ ಇತ್ತು. ಮೂರು ದಿನ ಆ ಕೈ ಅವನ ಭುಜದ ಮೇಲೆ, ಕಣ್ಣಿನ ಹತ್ತಿರವೇ ಕೂತಿತ್ತು. ಅವನು ಒಮ್ಮೆಯೂ ಓದಿರಲಿಲ್ಲ.

ಉಸ್ತಾದರು ಇಲ್ಲಿ ನಿಲ್ಲಿಸಿದರು. ಕತೆ ಮುಗಿಯಿತೆಂದು ನಾನು ಅಂದುಕೊಂಡೆ. ಅವರು ಒಲೆಯ ಕೆಂಡವನ್ನು ಕಡ್ಡಿಯಿಂದ ಕೆದಕಿ, ಬೂದಿ ಮುಚ್ಚಿದರು.

ಮುಂದಿನ ವರ್ಷ ವರ್ತಕ ಮತ್ತೆ ಅಲ್ಲಿಗೇ ಹೋದ. ಬೇರೆ ರೆಸಾರ್ಟುಗಳನ್ನು ವಿಚಾರಿಸಲಿಲ್ಲ. ಅದೇ ಕೋಣೆ ಕೇಳಿದ. ಅದೇ ಸ್ಟೂಲಿನ ಮೇಲೆ ಕೂತ. ಈಗ ಅವನಿಗೆ ಸೋಲುವುದು ಚೆನ್ನಾಗಿ ಬರುತ್ತಿತ್ತು. ಇಡುತ್ತಿದ್ದ, ಸೋಲುತ್ತಿದ್ದ, ಕಾಯುತ್ತಿದ್ದ. ಹೆಂಗಸು ಬಿಲ್ಲೆಗಳನ್ನು ಗೋರುತ್ತಿದ್ದಳು. ಅದರ ಮುಂದಿನ ವರ್ಷವೂ ಹೋದ. ಈಗಲೂ ಹೋಗುತ್ತಾನೆ. ಕೂರುವ ಮೊದಲು ಹೆಗಲ ಮೇಲಿನ ಟವೆಲನ್ನು ತೆಗೆದು, ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ಪಕ್ಕದ ಸ್ಟೂಲಿನ ಮೇಲೆ ಹಾಕುತ್ತಾನೆ. ಯಾರಾದರೂ ಕೂರಲು ಬಂದರೆ, ಇಲ್ಲ, ಇಲ್ಲಿಗೆ ಜನ ಇದ್ದಾರೆ ಎನ್ನುತ್ತಾನೆ.

ಗರಡಿಯೊಳಗೆ ಬೆಳಕು ಕಡಿಮೆಯಾಗಿತ್ತು. ಪಡುವಣ ಕಿಟಕಿಯ ಬಿಸಿಲು ಮಟ್ಟಿಯನ್ನು ಬಿಟ್ಟು ಗೋಡೆ ಹತ್ತಿ, ಗೂಟಗಳ ಸಾಲಿನವರೆಗೆ ಬಂದಿತ್ತು. ಒಂದೊಂದು ಗೂಟಕ್ಕೂ ಒಂದೊಂದು ಲಂಗೋಟಿ. ನನ್ನದರ ಪಕ್ಕದಲ್ಲಿ ಹೊನ್ನೇಶನದು. ಆರು ವರ್ಷದಿಂದ ಅವು ಹಾಗೇ ಇದ್ದವು. ಒಗೆದು ಹಾಕುವಾಗ ಎಷ್ಟೋ ಸಲ ಅವನದನ್ನು ನಾನು, ನನ್ನದನ್ನು ಅವನು ಕಟ್ಟಿಕೊಂಡದ್ದುಂಟು.

ನನಗೆ ಸುಮ್ಮನಿರಲು ಬರುವುದಿಲ್ಲ.

"ಕತೆ ಚೆನ್ನಾಗೈತೆ ಉಸ್ತಾದ್ರೇ" ಎಂದೆ. "ಆದ್ರೆ ನಾನು ಕೇಳಿದ್ದು ಬೇರೆ. ಮೂರರಲ್ಲಿ ಯಾವುದು ಅಂತ ನಾಳೆ ಬೆಳಿಗ್ಗೆ ಮಾಲೀಕರಿಗೆ ಹೇಳ್ಬೇಕು. ಗುಡ್ಡದ್ದು ಸರಿಯಿಲ್ಲ ಅಂತೀರಾ?"

"ಗುಡ್ಡದ್ದು ಚೆನ್ನಾಗೇ ಇತ್ತು. ಅವನು ಆರಿಸಿದ್ದರಲ್ಲಿ ತಪ್ಪಿಲ್ಲ."

"ಮತ್ತೆ?"

ಉಸ್ತಾದರು ಬಾಗಿಲ ಕಡೆ ನೋಡಿದರು.

ಹೊರಗೆ ಬಾವಿಕಟ್ಟೆಯಿಂದ ಯಾರೋ ಎದ್ದ ಸದ್ದಾಯಿತು. ಹೊನ್ನೇಶ ಒಳಗೆ ಬಂದ. ಹೊಸ್ತಿಲಲ್ಲಿ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಉಸ್ತಾದರ ಕಾಲು ಮುಟ್ಟಿದ. ನನ್ನ ಕಡೆ ನೋಡಲಿಲ್ಲ. ನನ್ನ ಪಕ್ಕದಲ್ಲೇ ಹಾದು ಗೋಡೆಯ ಹತ್ತಿರ ಹೋಗಿ, ತನ್ನ ಗೂಟದ ಕೆಳಗೆ, ನನಗೆ ಬೆನ್ನು ಮಾಡಿ ನಿಂತ. ಬಿಸಿಲು ಇನ್ನೂ ನಾಲ್ಕು ಬೆರಳು ಉಳಿದಿತ್ತು. ಅದು ಪೂರಾ ಹೋಗುವವರೆಗೆ ಲಂಗೋಟಿ ಮುಟ್ಟುವಂತಿಲ್ಲ. ಅವನು ಪದ್ಧತಿ ಮುರಿಯುವವನಲ್ಲ. ಕಾಯುತ್ತ ನಿಂತ.

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಏಳು ದಿನ ಊರು ತುಂಬ ಮಾತಾಡಿದ ಬಾಯಿ ಅದು. ಒಂದು ಮಾತೂ ಸಿಗಲಿಲ್ಲ. ಗದೆ ಇನ್ನೂ ನನ್ನ ಎರಡೂ ಕೈಯಲ್ಲಿತ್ತು. ಅವನ ಬೆನ್ನು ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು.

ಉಸ್ತಾದರು ಬಟ್ಟಲನ್ನು ನನ್ನ ಕಾಲ ಬಳಿಗೆ ಸರಿಸಿದರು.

"ಗದೆ ಕೆಳಗಿಡು ಚೆಲುವ, ಎಣ್ಣೆ ತಣ್ಣಗಾಗ್ತಿದೆ."